ಹಿಂದಿನ ಸಾಲಿನ ಮುಖ

ನೀರಿನ ಲೋಟದ ಮೈಮೇಲೆ ಬೆವರು ಇಳಿಯುತ್ತಿದೆ, ನನ್ನ ಮಗಳು ನೆಟ್ಟಿ ಮುಟ್ಟಿಲ್ಲ, ಮುಟ್ಟಿದರೆ ಕೈ ನಡುಗುವುದು ಟಿವಿಯಲ್ಲಿ ಕಾಣುತ್ತದೆ ಎಂದು ಮಿಸ್ ಗ್ರೀರ್ ಹೇಳಿಕೊಟ್ಟಿದ್ದಾಳೆ — ಆ ಗ್ರೀರ್, ಅಧ್ಯಕ್ಷರ ಕಚೇರಿಯವಳು, ಉಸಿರಾಡುವುದಕ್ಕೂ ಪಾಠ ಮಾಡುವವಳು, ನನ್ನ ನೇರಳೆ ಟೋಪಿಯನ್ನೂ ತೆಗೆಸಿದಳು, ಮಿಸೆಸ್ ಬ್ಲೆಡ್ಸೋ, ನೀವು ಮಗಳ ಹಿಂದಿನ ಸಾಲಲ್ಲಿ ಕೂರ್ತೀರಿ, ಕ್ಯಾಮೆರಾದಲ್ಲಿ ಅವರ ಹೆಗಲ ಮೇಲೆ ನಿಮ್ಮ ಮುಖ ಬರತ್ತೆ, ನಗಬೇಡಿ, ತಲೆ ಆಡಿಸ್ಬೇಡಿ, ಹುಬ್ಬು ಏರಿಸ್ಬೇಡಿ, ಸತ್ತವಳ ಹಾಗೆ ಕೂರ್ಲೇನಮ್ಮ ಅಂದೆ, ಹೂಂ ಅಂದಳು, ವಾಷಿಂಗ್ಟನ್ನಿನಲ್ಲಿ ಅವಳ ಹಲ್ಲು ನೋಡಿ ಬದುಕಿದವರು ಯಾರೂ ಇರಲಾರರು. ನೆಟ್ಟಿಯನ್ನು ಫೆಡರಲ್ ಜಡ್ಜ್ ಮಾಡಬೇಕೆಂದು ಅಧ್ಯಕ್ಷರು ಹೆಸರು ಕಳಿಸಿದ್ದಾರೆ, ಸೆನೆಟರುಗಳು ಪ್ರಶ್ನೆ ಕೇಳಿ ಓಟು ಹಾಕಬೇಕು, ಎದುರಿನ ಮೇಜು ಎಷ್ಟು ಎತ್ತರವೆಂದರೆ ಸೆನೆಟರುಗಳ ಮೂಗಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದ್ದರೂ ಇಲ್ಲಿಂದ ಕಾಣುತ್ತದೆ, ಆ ಕಡೆ ಅವರ ಪಕ್ಷ, ಈ ಕಡೆ ನಮ್ಮದು, ಅವರು ಬೈಯುತ್ತಾರೆ, ಇವರು ಹೊಗಳುತ್ತಾರೆ, ನನ್ನ ಮಗಳು ಬರೆದ ತೀರ್ಪು ಒಂದನ್ನೂ ಎರಡೂ ಕಡೆಯವರು ಓದಿದ ಹಾಗಿಲ್ಲ, ನಮ್ಮವರು ಒಬ್ಬರು ಹೆಚ್ಚು ಅಷ್ಟೇ, ಆ ಕೊನೆಯಲ್ಲಿ ಕೂತು ಕನ್ನಡಕ ಒರೆಸುತ್ತಿರುವ ಬೋಳುತಲೆಯವನು, ಮುಂದಿನ ವರ್ಷ ಅವನಿಗೆ ಚುನಾವಣೆ, ಅವನೊಬ್ಬ ಹೆದರಿದರೆ ನೆಟ್ಟಿಯ ಕಥೆ ಮುಗಿಯಿತು.

ಅದೇ ಕುರ್ಚಿ ಬೇಕು ಅವಳಿಗೆ, ನಮ್ಮ ಊರಿನ ಫೆಡರಲ್ ಕೋರ್ಟಿನದು, ನನ್ನ ಗಂಡ ಲೂಷಿಯಸ್ ಅಂಚೆ ಹಂಚುತ್ತಿದ್ದ ಕಾಲಕ್ಕೆ ಯಾರೋ ಕದ್ದ ಪಾರ್ಸಲ್ಲಿಗೆ ಇವನನ್ನು ಹಿಡಿದು ಅಲ್ಲೇ ನಿಲ್ಲಿಸಿದ್ದರು, ಆ ಕುರ್ಚಿಯ ಜಡ್ಜ್ ಶಿಕ್ಷೆ ಓದಿದ, ಇವನ ಮುಖ ಒಂದು ಸಲವೂ ನೋಡಲಿಲ್ಲ, ನೆಟ್ಟಿ ನನ್ನ ತೊಡೆಯ ಮೇಲಿದ್ದಳು, ಅಮ್ಮ, ಅವ್ರು ಯಾಕೆ ಅಪ್ಪನ್ನ ನೋಡ್ತಿಲ್ಲ ಅಂದಳು, ಇವತ್ತಿಗೂ ತಾನು ಜಡ್ಜಾಗಿರುವ ಜಿಲ್ಲಾ ಕೋರ್ಟಿನಲ್ಲಿ ಎದುರಿಗೆ ನಿಂತವನನ್ನು ಮೊದಲು ಕಣ್ಣಿಟ್ಟು ನೋಡುತ್ತಾಳಂತೆ, ಆಮೇಲೆ ಮಾತು — ಈಗ ಕಾಲ್ವರ್ಟನ ಸರದಿ, ಆ ಪಕ್ಷದವನು, ಬೆಳಿಗ್ಗೆ ಮೊಗಸಾಲೆಯಲ್ಲಿ ನನ್ನ ಕೈ ಹಿಡಿದು ಕುಲುಕಿದ, ಟಿವಿಲಿ ಕಾಣೋದಕ್ಕಿಂತ ಗಿಡ್ಡ ಇದ್ದೀರಲ್ಲ ಸೆನೆಟರ್, ನಿಮ್ಮ ಪಕ್ಷದವ್ರು ತಲೆ ಮೇಲೆ ಕುಟ್ಟಿದ್ರಾ ಅಂದೆ, ಹೊಟ್ಟೆ ಕುಣಿಯುವ ಹಾಗೆ ನಕ್ಕ, ನೀವು ನಮ್ಮ ಕಡೆ ಬಂದ್ಬಿಡಿ ಅಮ್ಮಾವ್ರೆ ಅಂದ. ಈಗ ನಗು ಎಲ್ಲಿ ಹೋಯಿತೋ, ಜಡ್ಜ್ ಬ್ಲೆಡ್ಸೋ, ಇದನ್ನ ಸ್ವಲ್ಪ ಕೇಳಿ ಎನ್ನುತ್ತಾನೆ, ಸ್ಪೀಕರಿನಿಂದ ಯಾರೋ ಮುದುಕಿಯ ದನಿ ಕೋಣೆಯನ್ನೆಲ್ಲ ತುಂಬುತ್ತದೆ, ನನ್ನ ನೆಟ್ಟಿ ಆ ಕುರ್ಚಿ ಮೇಲೆ ಕೂರ್ಲಿ, ಜೈಲಿನ ಬಾಗ್ಲು ಕಿತ್ತು ಸೌದೆ ಮಾಡ್ತಾಳೆ, ನಮ್ಮ ಹುಡುಗ್ರೆಲ್ಲ ಆಚೆಗೆ, ಶೆರೀಫನ್ನ ಒಳಗೆ ತಳ್ಳಿ ಬೀಗ ಜಡೀತಾಳೆ — ಅಯ್ಯೋ ದೇವರೇ, ಅದು ನಾನು, ಚರ್ಚಿನ ಊಟದ ದಿನ, ಬಾಯ್ತುಂಬ ಕರಿದ ಮೀನು, ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಅವರಲ್ಲಿ ಯಾರ ಕೈಯಲ್ಲಿ ಫೋನಿತ್ತು. ನಿಮ್ಮ ತಾಯೀನೇ ಹೀಗೆ ಹೇಳಿದ್ರೆ ಸೆನೆಟ್ ಏನಂತ ನಂಬಬೇಕು ಜಡ್ಜ್.

ಬೋಳುತಲೆಯವನು ಕನ್ನಡಕ ಒರೆಸುವುದನ್ನು ನಿಲ್ಲಿಸಿದ. ನೆಟ್ಟಿಯ ಬೆನ್ನು ಕಾಣುತ್ತಿದೆ, ಮುಖ ಕಾಣುತ್ತಿಲ್ಲ, ತಮಾಷೆಗೆ ಅಂದದ್ದು ಅನ್ನು ಮಗಳೇ, ನಮ್ಮಮ್ಮ ಸೊಳ್ಳೆ ಕಂಡರೆ ಹದ್ದು ಅನ್ನೋಳು ಅನ್ನು — ನನ್ನ ತಾಯಿಗೆ ತುಂಬ ವಯಸ್ಸಾಗಿದೆ ಸೆನೆಟರ್, ಈಚೆಗೆ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ, ಏನು ಮಾತಾಡ್ತೀನಿ ಅಂತ ಅವ್ರಿಗೇ ತಿಳಿಯಲ್ಲ. ಯಾರ ತಾಯಿ, ಇವಳಿಗೆ ಇನ್ನೊಬ್ಬಳು ತಾಯಿ ಇದ್ದಾಳೇನು, ಚರ್ಚಿನ ಹಾಡೆಲ್ಲ ಇವತ್ತಿಗೂ ನನಗೆ ಬಾಯಿಪಾಠ, ಇಡೀ ಜಿಲ್ಲೆಯ ಗುಟ್ಟು ನನ್ನ ಮಡಿಲಿನಲ್ಲಿದೆ, ನನಗೆ ಬುದ್ಧಿ ಇಲ್ಲವೇ, ಎದ್ದು ನಿಂತು — ಕಾಲ್ವರ್ಟ್ ನಗುತ್ತಿದ್ದಾನೆ, ಹೌದಾ, ಬೆಳಿಗ್ಗೆ ನಾನೇ ಮಾತಾಡ್ಸಿದೆ, ನನಗಿಂತ ಚುರುಕಾಗಿದ್ರು, ನೀವು ಪ್ರಮಾಣ ಮಾಡಿ ಕೂತಿದ್ದೀರಿ ಜಡ್ಜ್, ಅದು ಜ್ಞಾಪಕ ಇರ್ಲಿ.

ಕ್ಯಾಮೆರಾಗಳೆಲ್ಲ ನನ್ನ ಕಡೆ. ನೆಟ್ಟಿಯ ಹೆಗಲು ಕಿವಿಗೆ ಅಂಟಿದೆ, ಈಗ ನಾನು ಒಂದು ಹುಬ್ಬು ಏರಿಸಿದರೆ ಸಾಕು, ಅವಳು ಪ್ರಮಾಣ ಮಾಡಿ ಸುಳ್ಳು ಹೇಳಿದವಳು, ಆ ಕುರ್ಚಿಯೂ ಇಲ್ಲ, ಈಗಿರುವ ಕುರ್ಚಿಯೂ ಇಲ್ಲ. ಲೂಷಿಯಸ್‌ನ ಅಮ್ಮ ಕೊನೆಗಾಲದಲ್ಲಿ ಬುದ್ಧಿ ಮಂಕಾದ ಮೇಲೆ ಹೇಗೆ ಕೂರುತ್ತಿದ್ದಳು, ಅಡುಗೆಮನೆಯಲ್ಲಿ ನಾನು ಆಡಿ ತೋರಿಸಿದರೆ ನೆಟ್ಟಿ ನಗು ತಡೆಯಲಾರದೆ ನೆಲದ ಮೇಲೆ ಉರುಳುತ್ತಿದ್ದಳು — ಮೊದಲು ಕೆಳದುಟಿ ಸಡಿಲ, ಆಮೇಲೆ ಗದ್ದ, ಕಣ್ಣು ಯಾವುದರ ಮೇಲೂ ನಿಲ್ಲಬಾರದು, ಬೆರಳು ಲಂಗದ ಅಂಚನ್ನು ಹಿಂಜುತ್ತಿರಬೇಕು, ಬಾಯಿ ತೆರೆಯಿತು.

ಕಾಲ್ವರ್ಟ್ ತಲೆ ತಗ್ಗಿಸಿದ, ದೇವ್ರು ನಿಮ್ಮ ತಾಯೀನ ಕಾಪಾಡ್ಲಿ ಜಡ್ಜ್, ನನ್ನ ಪ್ರಶ್ನೆ ಮುಗೀತು, ಬೋಳುತಲೆಯವನು ಕಣ್ಣು ಒತ್ತಿಕೊಳ್ಳುತ್ತಿದ್ದಾನೆ, ಅವನ ಓಟು ನಮ್ಮದೇ, ಗ್ರೀರ್ ನನ್ನ ಕಿವಿಯ ಹತ್ತಿರ ಬಂದು, ಹಾಗೇ ಇರಿ ಎನ್ನುತ್ತಾಳೆ, ಎಲ್ಲಿಯ ತನಕ ತಾಯಿ, ಈ ಜಡ್ಜ್ ಕೆಲಸ ಸಾಯುವ ತನಕದ್ದಂತೆ, ನಾಳೆ ಚರ್ಚಿನಲ್ಲಿ ನಾನೊಂದು ತಮಾಷೆ ಮಾಡಿದರೆ ಯಾರೋ ಫೋನು ಎತ್ತುತ್ತಾರೆ, ನೆಟ್ಟಿ ತಿರುಗುವುದಿಲ್ಲ, ಎದುರಿದ್ದವರನ್ನೆಲ್ಲ ಕಣ್ಣಿಟ್ಟು ನೋಡುವವಳು, ತಿರುಗುವುದಿಲ್ಲ, ಗೋಡೆಯ ಟಿವಿ ಪರದೆಯಲ್ಲಿ ಅವಳ ಹೆಗಲು, ಹೆಗಲ ಮೇಲೆ ಒಬ್ಬ ಮುದುಕಿ, ತುಟಿಯ ತುದಿಯಲ್ಲಿ ಜೊಲ್ಲು, ಒರೆಸಬಾರದು, ತೆರೆದ ಬಾಯಿ, ಅದು ಮುಚ್ಚುತ್ತಿಲ್ಲ, ಒದ್ದೆ ಬಾಯಿ, ತೆರೆದ ಬಾಯಿ