ಕೊಪ್ಪೆಯೊಳಗಿನ ಆಷಾಢ

ತಾಳ್ಯದ ಕುರಿಗಾರ ಹಾಲಸ್ವಾಮಿಯ ಹೆಸರಲ್ಲೇ ಹಾಲಿತ್ತು; ಆಷಾಢದ ಮೋಡ ಮುಚ್ಚಿತೋ, ಒಡೆಯುತ್ತಿತ್ತು. ಅವನ ಸಿಟ್ಟಿಗೆ ಒಡೆದದ್ದು ಮೊದಲು ಚೊಂಬು, ಆಮೇಲೆ ಬಾಗಿಲು, ಹೋದ ವರ್ಷ ತಮ್ಮ ಶಿವರಾಜನ ಮೂಗು. ಬಿಸಿಲು ಮರಳಿದ ಮೇಲೆ ಅದೇ ಮನುಷ್ಯ ಕುರಿಮರಿಗೂ ಗದರುತ್ತಿರಲಿಲ್ಲ. ಈ ಸಲ ಹೆಂಡತಿ ಏಕನಾಥಮ್ಮ ಮೊದಲೇ ಹೇಳಿದ್ದಳು: "ಇನ್ನೊಂದು ಸಲ ರಕ್ತ ಕಂಡ್ರೆ ಹೊಸದುರ್ಗಕ್ಕೆ, ನಮ್ಮಪ್ಪನ ಮನಿಗೆ ಹೋಗ್ತೀನಿ. ವಾಪಸ್ ಬರೋ ಮಾತೇ ಇಲ್ಲ."

ಹೆದರಿದ ಹಾಲಸ್ವಾಮಿ ತಮ್ಮನನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಹೋಗಿ ಡಾಕ್ಟರ ಮುಂದೆ ಕುಳಿತ. "ಬೆಳಕು ಕಡಿಮೆಯಾದ್ರೆ ಕೆಲವರ ಮಿದುಳಿನಲ್ಲಿ ಮನಸ್ಸನ್ನ ಹದವಾಗಿಡೋ ಸೆರೊಟೋನಿನ್ ಅನ್ನೋ ರಸ ಏರುಪೇರಾಗುತ್ತೆ," ಎಂದರು ಅವರು. "ಮೋಡವಿದ್ರೂ ಸರಿ, ದಿನಾ ಬೆಳಿಗ್ಗೆ ಒಂದು ಗಂಟೆ ಬಯಲಲ್ಲಿ ಕೂತ್ಕೊಳ್ಳಿ. ತಿಂಗಳು ಬಿಟ್ಟು ಬನ್ನಿ."

ಇಪ್ಪತ್ತು ದಿನ ತಪ್ಪದೆ ಬಯಲಿನ ಕಲ್ಲೊಂದರ ಮೇಲೆ ಕುಳಿತ. ಆದರೆ ಸೋನೆ ಹಿಡಿದಾಗ ಕುರಿಗಾರ ಕೊಪ್ಪೆಯಿಲ್ಲದೆ ಹೊರಗೆ ಕಾಲಿಡುವುದುಂಟೆ? ಏಕನಾಥಮ್ಮನೇ ಕರಿಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕುತ್ತಿದ್ದಳು. ಅವನು ಅದನ್ನು ಮೂಗಿನ ತುದಿಯವರೆಗೆ ಎಳೆದುಕೊಳ್ಳುತ್ತಿದ್ದ. ಒಳಗೆ ಕತ್ತಲು, ಕುರಿ ವಾಸನೆ, ದಿನದಿನಕ್ಕೆ ಬಿಗಿಯುವ ದವಡೆ.

ಇಪ್ಪತ್ತೊಂದನೆಯ ಬೆಳಿಗ್ಗೆ ಕುಡುಗೋಲಿನಿಂದ ಕುರಿಗಳ ಗೊರಸು ಸವರುತ್ತಿದ್ದ ಶಿವರಾಜ, ಮೂಗಿನಲ್ಲಿ ಡಾಕ್ಟರ ದನಿ ತೆಗೆದ: "ಏನ್ ಹಾಲಸ್ವಾಮಿಯವರೇ, ಸೆರೊಟೋನಿನ್ ಹೊಟ್ಟೆ ತುಂಬಾ ಆಯ್ತಾ?" ಹಿಂದೆಯೇ ಟಗರಿನಂತೆ ಅರಚಿದ: "ಮ್ಯಾ! ನಂಗೂ ಒಂದೀಟು ಬರ್ಕೊಡ್ರಿ ಸಾರ್!"

ಹಾಲಸ್ವಾಮಿಯ ತಲೆಯೊಳಗೆ ಏನೋ ಪಟ್ಟೆಂದಿತು. ಎದ್ದವನೇ ತಮ್ಮನ ಎದೆಗೆ ಒದ್ದ. ಬಿದ್ದವನ ಮುಖವನ್ನು ಕೆಸರಿಗೆ ಒತ್ತಿದ. ಕುಡುಗೋಲು ಕಸಿದು ಬೀಸಿದ. ತಮ್ಮನ ಮುಂಗೈ ಸೀಳಿ ಮೂಳೆ ಬೆಳ್ಳಗೆ ಇಣುಕಿತು.

"ಅಣ್ಣ, ಬ್ಯಾಡ ಕಣಣ್ಣ!"

ಕುಡುಗೋಲು ಮತ್ತೆ ಮೇಲೆದ್ದಿತು, ಈ ಸಲ ಕುತ್ತಿಗೆಗೆ. ಅಷ್ಟರಲ್ಲಿ ಏಕನಾಥಮ್ಮ ಹಿಂದಿನಿಂದ ಕೊಪ್ಪೆ ಹಿಡಿದು ಜಗ್ಗಿದಳು. ಅವನು ಅಂಗಾತ ಬಿದ್ದ. ಕಂಬಳಿ ಅವಳ ಕೈಗೆ ಬಂತು. ಮೋಡದ ಮಂದ ಬೆಳಕೇ ಕಣ್ಣಿಗೆ ಚುಚ್ಚಿದಂತಾಗಿ ಅವನು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ.

ಏಕನಾಥಮ್ಮ ಒಮ್ಮೆ ಅವನನ್ನು, ಒಮ್ಮೆ ಕಂಬಳಿಯನ್ನು ನೋಡಿದಳು.

"ಅಯ್ಯೋ, ಬೆಳಕಿಗೆ ಕುಂತ್ಕಳ್ರಿ ಅಂದ್ರೆ ಕತ್ಲೆ ಹೊದ್ಕಂಡು ಕುಂತಿದ್ರಲ್ಲ!"

"ನೀನೇ ಹೊದಿಸ್ತಿದ್ಯಲ್ಲೇ..."

"ಹೌದು. ಕೊಪ್ಪೆ ಹೊದಿಸಿದ್ದು ನಾನು. ಕುಡ್ಲು ಎತ್ತಿದ್ದು ನೀವು."

ಸೆರಗು ಹರಿದು ಮೈದುನನ ಕೈಗೆ ಬಿಗಿದು, ಹೊಳಲ್ಕೆರೆ ಆಸ್ಪತ್ರೆಗೆ ಆಟೊ ಹತ್ತಿದಳು. ಅಲ್ಲಿಂದ ಹೊಸದುರ್ಗಕ್ಕೆ. ಕಂಬಳಿಯನ್ನೂ ಒಯ್ದಳು.

ಮರುದಿನವೂ ಸೋನೆ. ಹಾಲಸ್ವಾಮಿ ಬರಿತಲೆಯಲ್ಲಿ ಅದೇ ಕಲ್ಲಿನ ಮೇಲೆ ಕುಳಿತ. ಉಗುರಿನೊಳಗಿದ್ದ ತಮ್ಮನ ರಕ್ತ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. ಗಂಟೆ ಮುಗಿದರೂ ಏಳಲಿಲ್ಲ. ಪೊಲೀಸ್ ಜೀಪು ಬಂದು ನಿಂತಾಗಲೂ ಮುಖ ಮೇಲೆತ್ತಿಯೇ ಕುಳಿತಿದ್ದ.