ನಾಲ್ಕನೇ ಉಳಿ

ಮೂರನೇ ಉಳಿಯೂ ಮುರಿಯಿತು. ಅದೂ ಹೇಗೆ ಅಂತೀರಿ? ಅಕ್ಕ ಕೊಟ್ಟಿದ್ದು ಎರಡೇ ಎರಡು ಏಟು. ಉಳಿಯ ಬಾಯಿ ಚಟ್ಟನೆ ಸಿಡಿದು ಕಿಟಕಿಗೆ ಹೋಗಿ ಬಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಕಮ್ಮಾರನ ಪಾಡೂ ಅದೇ. ಇಡೀ ಭಾನುವಾರ ಬೆವರು ಸುರಿಸಿ ಮಾಡಿದ ಉಳಿ ಕಣ್ರೀ ಅದು!

ಕಮ್ಮಾರ ಅಂದರೆ ಹುಟ್ಟಾ ಕಮ್ಮಾರನೇನಲ್ಲ. ವಾರದಲ್ಲಿ ಆರು ದಿನ ಬಸ್ ಕಂಡಕ್ಟರು. ಏಳನೇ ದಿನ ಮನೆ ಹಿಂದಿನ ಶೆಡ್ಡಿನಲ್ಲಿ ಕುಲುಮೆ ಹಚ್ಚಿ, ಕಬ್ಬಿಣ ಬಡಿದು, ಮೈಯೆಲ್ಲ ಮಸಿ ಮಾಡಿಕೊಂಡು, ಸಂಜೆಗೆ ರಾಜ್ಯ ಗೆದ್ದವನ ಹಾಗೆ ಒಳಗೆ ಬರುವ ಆಸಾಮಿ. ಈ ಹುಚ್ಚಿಗೆ ಜೊತೆಯಾಗಿ ಇನ್ನಿಬ್ಬರಿದ್ದರು: ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಶಾಲೆಯ ಡ್ರಾಯಿಂಗ್ ಮೇಡಂ. ಮೂವರಿಗೂ ಸೇರಿ ಇದ್ದದ್ದು ಒಂದು ಕುಲುಮೆ, ಒಂದು ಬಡಿಗಲ್ಲು, ಮುಗಿಯದಷ್ಟು ವಾದ.

ಅಸಲಿ ಕಸುಬಿನವಳು ಅಂದರೆ ಅಕ್ಕ. ಇಪ್ಪತ್ತು ವರ್ಷ ಮರ ಕೆತ್ತಿ ಮನೆ ನಡೆಸಿದವಳು, ತಮ್ಮನನ್ನು ಓದಿಸಿದವಳು. ಶೆಡ್ಡೂ ಅವಳದೇ. ಈಗ ದೊಡ್ಡದೊಂದು ಬಾಗಿಲಿನ ಆರ್ಡರ್ ಬಂದಿತ್ತು. ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಮರದ ಲಾರಿ ಬರುವುದಿತ್ತು, ಇಳಿಸಲು ಜಾಗ ಇರಲಿಲ್ಲ.

"ನೋಡಪ್ಪಾ," ಅಂದಳು ಅಕ್ಕ, ಮುರಿದ ಉಳಿಯನ್ನು ಅವನ ಅಂಗೈಗೆ ಹಾಕುತ್ತಾ. "ಇನ್ನೊಂದೇ ಸಲ. ನಾಲ್ಕನೇದೂ ಮುರೀತು ಅಂದ್ರೆ ಶೆಡ್ಡಲ್ಲಿ ಮರ ಇಳಿಸ್ತೀನಿ, ನಿನ್ನ ಕುಲುಮೆ ಗುಜರಿಗೆ ಹೋಗುತ್ತೆ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

"ಆಯ್ತು ಬಿಡು," ಅಂದನೇನೋ ಹೌದು. ಆದರೆ ಅದು ಬರೀ ಬಾಯಿಮಾತು. ದಿನವಿಡೀ ಚಿಲ್ಲರೆಗಾಗಿ ಊರವರ ಹತ್ತಿರವೆಲ್ಲ ಬೈಸಿಕೊಳ್ಳುವವನಿಗೆ ಆ ಶೆಡ್ಡೊಂದೇ ಉಸಿರು. ಅದೂ ಹೋದರೆ ಉಳಿಯುವುದೇನು?

ಭಾನುವಾರ ಬೆಳಿಗ್ಗೆಯೇ ಮೂವರೂ ಸೇರಿದರು. ಡಾಕ್ಟರು ಹಲ್ಲು ನೋಡುವ ಭೂತಗನ್ನಡಿ ಹಾಕಿಕೊಂಡು ಮುರಿದ ಉಳಿಯನ್ನು ಪರೀಕ್ಷಿಸಿದರು.

"ಒಳಗೆಲ್ಲ ಸಕ್ಕರೆ ಹರಳಿದ್ದ ಹಾಗಿದೆ. ಹದವಾಗಿ ಕಾಸಿದ್ರೆ ನುಣ್ಣಗಿರಬೇಕಿತ್ತು. ನೀವು ವಿಪರೀತ ಕಾಸ್ತಿದ್ದೀರಿ."

"ವಿಪರೀತಾನಾ? ಕೆಂಪು ಕಂಡ ತಕ್ಷಣ ಎಣ್ಣೆಗೆ ಅದ್ದಿದ್ದೀನಿ. ಈ ಹಳೇ ಲಾರಿ ಸ್ಪ್ರಿಂಗಿನ ಪಟ್ಟಿನೇ ಸರಿಯಿಲ್ಲ. ಗುಜರಿಯವನು ಟೋಪಿ ಹಾಕಿದಾನೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದರು ಮೇಡಂ. "ಇದೇ ಪಟ್ಟಿಯಿಂದ ಹೋದ ವರ್ಷ ನಂಗೊಂದು ಚಾಕು ಮಾಡಿಕೊಟ್ರಲ್ಲ, ಅದು ಇವತ್ತಿಗೂ ಕೂದಲು ಸೀಳುತ್ತೆ."

"ಅಯಸ್ಕಾಂತ ಹಿಡಿದು ನೋಡಿ ಅಂತ ಎಷ್ಟು ಸಲ ಹೇಳ್ಲಿ?" ಡಾಕ್ಟರು ಗೊಣಗಿದರು. "ಹದಕ್ಕೆ ಕಾದ ಉಕ್ಕು ಅಯಸ್ಕಾಂತಕ್ಕೆ ಅಂಟಲ್ಲ. ಅಷ್ಟು ಸುಲಭ."

"ಅಯಸ್ಕಾಂತ ಕಣ್ಣಿಲ್ಲದವರಿಗೆ ಡಾಕ್ಟ್ರೇ. ನಂಗೆ ಕಣ್ಣಿದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಇಂಥವನಿಗೆ ಬುದ್ಧಿ ಹೇಳುವವರು ಯಾರು? ಡಾಕ್ಟರು ತೆಪ್ಪಗೆ ತಿದಿ ಒತ್ತಿ ಕುಲುಮೆಗೆ ಗಾಳಿ ಹಾಕತೊಡಗಿದರು.

ಹನ್ನೆರಡರ ಹೊತ್ತಿಗೆ ಉಳಿಯ ಆಕಾರ ಬಂತು. ಇನ್ನು ಉಳಿದದ್ದು ಕಾಸಿ ಎಣ್ಣೆಗೆ ಅದ್ದಿ ಗಡಸು ಮಾಡುವ ಕೆಲಸ. ಶೆಡ್ಡಿನ ತುಂಬ ಬೆಳಕೋ ಬೆಳಕು. ಎರಡು ತಿಂಗಳ ಹಿಂದೆ ಅವನೇ ಸೂರಿನ ಒಂದು ತಗಡು ಕಿತ್ತು ಪಾರದರ್ಶಕ ಶೀಟು ಹಾಕಿಸಿದ್ದ. ಕತ್ತಲೆಯಲ್ಲಿ ಎಷ್ಟು ದಿನ ಅಂತ ತಡಕಾಡುವುದು ಅನ್ನುವುದು ಅವನ ವಾದ. ಬಿಸಿಲು ನೆಟ್ಟಗೆ ಕುಲುಮೆಯ ಮೇಲೇ ಬೀಳುತ್ತಿತ್ತು.

ಅವನು ಉಳಿಯನ್ನು ಇಕ್ಕಳದಲ್ಲಿ ಎತ್ತಿ ನೋಡಿದ. "ಇನ್ನೂ ಮಂಕಾಗಿದೆ. ಒತ್ತಿ ಡಾಕ್ಟ್ರೇ." ಮತ್ತೆ ಎತ್ತಿದ. "ಹಾಂ, ಈಗ ಸ್ವಲ್ಪ ಕೆಂಪು ಬಂತು."

ಆಗಲೇ ಸೂರ್ಯನಿಗೆ ಮೋಡ ಅಡ್ಡ ಬಂತು. ಶೆಡ್ಡಿನಲ್ಲಿ ಮಬ್ಬು ಕವಿಯಿತು. ಇಕ್ಕಳದ ತುದಿಯಲ್ಲಿದ್ದ ಮಂಕು ಉಳಿ ಕಣ್ಣು ಕುಕ್ಕುವಂತೆ ಹಳದಿಯಾಗಿ ಧಗಧಗಿಸಿತು. ಮೋಡ ಸರಿಯಿತು, ಉಳಿ ಮತ್ತೆ ಮಂಕು ಕೆಂಪಾಯಿತು.

"ಅಯ್ಯೋ ನನ್ನ ತಲೆಗಿಷ್ಟು!" ಅವನು ಹಣೆ ಚಚ್ಚಿಕೊಂಡ. "ಬಿಸಿಲಲ್ಲಿ ಬೆಂಕಿ ಬಣ್ಣ ನೋಡ್ತಾ ಕೂತಿದ್ದೀನಲ್ರೀ! ಶೀಟು ಹಾಕಿಸಿದ ಮೇಲೆ ಒಂದಾದ್ರೂ ಉಳಿ ಉಳೀತಾ?"

"ಮಕ್ಕಳಿಗೆ ದಿನಾ ಹೇಳ್ತೀನಿ, ಬೆಳಕು ಬದಲಾದ್ರೆ ಬಣ್ಣಾನೂ ಬದಲಾಗುತ್ತೆ ಅಂತ," ಮೇಡಂ ನಗಲಾರದೆ ನಕ್ಕರು. "ನಂಗೇ ಹೊಳೀಲಿಲ್ಲ ನೋಡಿ!"

ಪುಣ್ಯಕ್ಕೆ ಇನ್ನೂ ಎಣ್ಣೆಗೆ ಅದ್ದಿರಲಿಲ್ಲ. ಅವನು ಏಣಿ ಹತ್ತಿ, ಹಗ್ಗದ ಮೇಲೆ ಒಣಗುತ್ತಿದ್ದ ಅಕ್ಕನ ದಪ್ಪ ಕಂಬಳಿಯನ್ನೇ ಶೀಟಿನ ಮೇಲೆ ಹೊದಿಸಿದ. ಶೆಡ್ಡು ಕತ್ತಲಾಯಿತು. ಬಳಿಕ ಉಳಿಯನ್ನು ಮೂರು ಸಲ ಹದವಾಗಿ ಕಾಸಿ, ಮೂರು ಸಲವೂ ಗಾಳಿಯಲ್ಲೇ ಆರಲು ಬಿಟ್ಟರು. ಅತಿಯಾಗಿ ಕಾದು ಒಳಗೆ ದಪ್ಪಗಾದ ಹರಳು ಹಾಗೆ ಮಾಡಿದರೆ ಮತ್ತೆ ನುಣ್ಣಗಾಗುತ್ತದೆ. ಅವಸರ ಮಾಡುವಂತಿಲ್ಲ. ಗಡಿಯಾರ ಮಾತ್ರ ಎರಡು ದಾಟಿ ಓಡುತ್ತಿತ್ತು.

"ಡಾಕ್ಟ್ರೇ," ಅವನು ಕೈ ಚಾಚಿದ, "ಆ ಅಯಸ್ಕಾಂತ ಕೊಡಿ ಇಲ್ಲಿ."

"ಕಣ್ಣಿದೆ ಅಂದ್ರಿ?"

"ಕೊಡ್ರೀ ಸುಮ್ನೆ!"

ಅಯಸ್ಕಾಂತ ಅಂಟಿತು, ಅಂಟಿತು, ಅಂಟಲಿಲ್ಲ. ಬೆಚ್ಚಗಿನ ಎಣ್ಣೆಯಲ್ಲಿ ಉಳಿ ಚುಂಯ್ ಅಂದಿತು. ಗಡಸು ನೋಡಲು ಅರದಿಂದ ಉಜ್ಜಿದರೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ಇಷ್ಟು ಗಡಸಾದರೂ ಮುರಿಯುತ್ತದೆ, ಸ್ವಲ್ಪ ಇಳಿಸಬೇಕು. ಬಾಯನ್ನು ಉಜ್ಜಿ ಹೊಳಪು ತಂದು ಕಾದ ಕಬ್ಬಿಣದ ಹಲಗೆಯ ಮೇಲಿಟ್ಟರು. ಹೊಳೆಯುವ ಬಾಯಿ ಜೇನಿನ ಬಣ್ಣಕ್ಕೆ ತಿರುಗಿದರೆ ಹದ. ಬಣ್ಣ ನೋಡುವ ಕೆಲಸವನ್ನು ಅವನು ಈ ಸಲ ಮೇಡಂಗೆ ಬಿಟ್ಟುಕೊಟ್ಟ.

"ಒಣಹುಲ್ಲು... ಇನ್ನೂ ಒಣಹುಲ್ಲು... ಜೇನು! ತೆಗೀರಿ, ತೆಗೀರಿ!"

ಹಿಡಿ ಹಾಕಿ ಸಾಣೆ ಹಿಡಿದು ಮುಗಿಸುವಷ್ಟರಲ್ಲಿ ಬೀದಿ ತಿರುವಿನಲ್ಲಿ ಲಾರಿಯ ಹಾರನ್ ಕೇಳಿತು. ಅಕ್ಕ ಆಗಲೇ ಅಂಗಳದಲ್ಲಿ ನಿಂತಿದ್ದಳು. ಉಳಿ ಇಸಿದುಕೊಂಡಳು. ಅಂಗಳದಲ್ಲಿದ್ದ ಮರದ ತುಂಡುಗಳಲ್ಲೆಲ್ಲ ಹಠಮಾರಿಯಾದದ್ದನ್ನು ಆರಿಸಿದಳು, ನಡುವೆ ಕಲ್ಲಿನಂಥ ಗಂಟಿದ್ದದ್ದು. ಕರುಣೆ ಅನ್ನೋದೇ ಇಲ್ಲ ಆ ಮಹಾತಾಯಿಗೆ!

ಒಂದು ಏಟು. ಎರಡು. ಅವನು ಕಣ್ಣು ಮುಚ್ಚಿಕೊಂಡ. ಐದು. ಹತ್ತು. ಸದ್ದು ಬದಲಾಯಿತು, ಉಳಿ ಗಂಟಿಗೆ ತಾಗಿತ್ತು. ಅಕ್ಕ ಹಲ್ಲು ಕಚ್ಚಿ, ತೋಳೆತ್ತಿ, ಇದ್ದಬದ್ದ ಬಲವೆಲ್ಲ ಹಾಕಿ ಬಡಿದಳು. ಗಂಟು ಎರಡು ಹೋಳಾಗಿ ನೆಲಕ್ಕುರುಳಿತು.

ಅಕ್ಕ ಉಳಿಯ ಬಾಯನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನ ಮೇಲೆ ಎಳೆದಳು. ಒಂದು ಚುಕ್ಕಿಯಷ್ಟೂ ಮುಕ್ಕಾಗಿರಲಿಲ್ಲ.

"ಗೆದ್ವಿ!" ಅಂತ ಡಾಕ್ಟರು ಮೇಡಂ ಇಬ್ಬರೂ ಕುಣಿದಾಡಿದರು. ಕಂಡಕ್ಟರ್ ಮಾತ್ರ ಕುಣಿಯಲಿಲ್ಲ. ಲಾರಿಯ ಆಳುಗಳು ಮೊದಲ ಹಲಗೆ ಹೊತ್ತುಕೊಂಡು ಶೆಡ್ಡಿನ ಬಾಗಿಲಿಗೆ ಬಂದಾಗಿತ್ತು, ಅಕ್ಕ ಇನ್ನೂ ಉಳಿಯನ್ನೇ ತಿರುಗಿಸಿ ನೋಡುತ್ತಿದ್ದಳು.

"ಏಯ್! ಅಲ್ಲೆಲ್ಲಿ ಹೋಗ್ತಿದ್ದೀರಿ?" ಅಕ್ಕ ಉಳಿ ಹಿಡಿದೇ ಓಡಿದಳು. "ಅಲ್ಲಿ ಕೆಲಸ ನಡೀತಿರೋದು ಕಾಣ್ಸಲ್ವಾ? ನನ್ನ ಕೋಣೇಲಿ ಇಳಿಸಿ. ಮಂಚ ಎತ್ತಿ ಆಚೆ ಹಾಕಿ!"

"ಮತ್ತೆ ನೀನು ಮಲಗೋದೆಲ್ಲಕ್ಕಾ?"

"ಹಲಗೆ ಮೇಲೆ ಮಲಗ್ತೀನಿ, ನಿಂಗ್ಯಾಕೆ ಆ ಚಿಂತೆ? ಹೋಗು, ಬೆಂಕಿ ಆರಕ್ಕೆ ಬಿಡಬೇಡ. ಅರ್ಧ ಇಂಚಿನದೊಂದು, ಮುಕ್ಕಾಲು ಇಂಚಿನದೊಂದು ಬೇಕು ನಂಗೆ. ಬಾಗಿಲು ಪೂರ್ತಿ ನಿನ್ನ ಉಳೀಲೇ ಕೆತ್ತೋದು."

ಅವನಿಗೆ ಖುಷಿಯಲ್ಲಿ ಜೋರಾಗಿ ಕೂಗಬೇಕು ಅನ್ನಿಸಿತು. ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿಯೂ ಬಿಟ್ಟ.