ಡ್ರಮ್‌ಕೀಲ್ ಬಂಗಲೆಯ ಹುಲ್ಲುಹಾಸು

"ಗೋಡೆ ಕಡೆ ತಿರುಗೇ, ಕೋಳಿಮುದುಕಿ! ನಿನ್ನ ದರಿದ್ರ ಮೋರೆ ಅತಿಥಿಗಳಿಗೆ ಕಾಣಬಾರದು!"

ಬಟ್ಲರ್ ಸ್ಟಿಬಿಂಗ್ಸ್ ಅರಚಿದ. ಬಂಗಲೆಯ ಕೋಳಿ ನೋಡಿಕೊಳ್ಳುವ ಊನಾ ರುವೇನ್ ಅರ್ಧ ಪುಕ್ಕ ಕಿತ್ತ ಬಾತುಕೋಳಿಯ ಸಮೇತ ಗೋಡೆಗೆ ಮುಖ ಮಾಡಿದಳು. ನಾನೂ ತಿರುಗಿದೆ. ಡ್ರಮ್‌ಕೀಲ್ ಬಂಗಲೆಯಲ್ಲಿ ಧಣಿಗಳು ಎದುರಾದರೆ ಆಳುಗಳು ಗೋಡೆ ನೋಡಬೇಕು. ಇಪ್ಪತ್ತೆರಡು ವರ್ಷ ಅಲ್ಲಿ ಬಟ್ಟೆ ಒಗೆದ ನನಗೆ ಕರ್ನಲ್ ಸಾಹೇಬರ ಮುಖಕ್ಕಿಂತ ಅವರ ಒಳಚಡ್ಡಿಗಳೇ ಹೆಚ್ಚು ಪರಿಚಯ.

"ಇದೇ ಸುರಂಗದ ಬಾಯಿ" ಎಂದು ಕರ್ನಲ್ ಅತಿಥಿಗೆ ತೋರಿಸಿದರು. "ಐರ್ಲೆಂಡಿನಲ್ಲೇ ಇಷ್ಟು ಉದ್ದದ್ದು ಇನ್ನೊಂದಿಲ್ಲ. ಆಳುಗಳು, ಉರುವಲು, ಕೊಳೆಬಟ್ಟೆ ಎಲ್ಲಾ ನೆಲದಡೀಲೇ ಓಡಾಡುತ್ತೆ. ಕಿಟಕೀಲಿ ನಿಂತ್ರೆ ಹುಲ್ಲು, ಅದರಾಚೆ ಕೆರೆ. ನಡುವೆ ಒಂದು ನರಪಿಳ್ಳೆ ಕಾಣಲ್ಲ."

"ಎಂಥ ಅಭಿರುಚಿ!" ಎಂದರು ಅತಿಥಿ. ಅವರು ಪಾದ್ರಿ ಹ್ಯಾಮರ್ಟನ್. ನಮ್ಮ ಮೇಯೊ ಸೀಮೆಯ ಬಂಗಲೆಗಳ ಚರಿತ್ರೆ ಬರೆಯುತ್ತಿದ್ದರು. ಇದು ಅವರ ಮೂವತ್ತೊಂದನೆಯ ಬಂಗಲೆ. ಹೋದಲ್ಲೆಲ್ಲ ಉಂಡದ್ದಕ್ಕೆ ಹೊಟ್ಟೆಯೇ ಸಾಕ್ಷಿ.

ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಚಹಾ. ಕೆರೆಯ ಗಾಳಿಗೆ ಮೇಜುಬಟ್ಟೆ ಹಾರಬಾರದೆಂದು ಒಂದು ಮೂಲೆ ಹಿಡಿದುಕೊಂಡು ನಿಲ್ಲಲು ನನಗೆ ಅಪ್ಪಣೆಯಾಗಿತ್ತು.

"ಈ ಹುಲ್ಲುಹಾಸಿಗೆ ಮುಂಚೆ ಇಲ್ಲೇನಿತ್ತು?" ಪಾದ್ರಿ ಕೇಳಿದರು.

"ಏನೂ ಇರ್ಲಿಲ್ಲ. ಪಾಳುಭೂಮಿ. ನಮ್ಮ ತಂದೆ ಹಸನು ಮಾಡಿಸಿದ್ರು."

"ಹಳೇ ಆಳು ಯಾರಾದ್ರೂ ಅವರ ಬಗ್ಗೆ ಎರಡು ಮಾತು ಹೇಳಿದ್ರೆ ಪುಸ್ತಕಕ್ಕೆ ಒಂದು ಕಳೆ."

"ಕೋಳಿಮುದುಕೀನ ಕರೀರೋ. ಹುಟ್ಟಿದಾಗಿಂದ ನಮ್ಮ ಉಪ್ಪು ತಿಂದವಳು."

ಊನಾ ಸುರಂಗದ ದಾರಿಯಲ್ಲೇ ಬಂದಳು. ಏಪ್ರನ್ನಿಗೆ ಪುಕ್ಕ ಅಂಟಿಕೊಂಡಿತ್ತು.

"ದೊಡ್ಡ ಧಣಿಗಳ ಕಾಲದ್ದು ಏನಾದ್ರೂ ನೆನಪಿದೆಯೇನಮ್ಮಾ?"

"ಇಲ್ದೆ ಉಂಟಾ, ಪಾದ್ರಿಗಳೇ? ಆಲೂಗಡ್ಡೆ ಕೊಳೆತ ವರ್ಸ. ಯಾರ್ಗೂ ಗೇಣಿ ಕಟ್ಟಕ್ಕಾಗ್ಲಿಲ್ಲ. ನಂಗೆ ಏಳು. ದೊಡ್ಡ ಧಣಿ ಕುದ್ರೆ ಮ್ಯಾಲೆ ಕುಂತಿದ್ರು. ಆಳುಗಳು ನಮ್ಮ ಸೂರಿಗೆ ಹಗ್ಗ ಹಾಕಿ ಎಳುದ್ರು. ಒಟ್ಟು ಹತ್ತೊಂಬತ್ತು ಮನೆ. ನಮ್ಮವ್ವ ಹೆತ್ತು ಮೂರು ದಿನ ಆಗಿತ್ತು. ಮಗೀನ ಒಲೆ ಪಕ್ಕ ಬೆಚ್ಚಗೆ ಮಲಗ್ಸಿದ್ಲು. ಆಚೆಗೆ ತಂದ ಮ್ಯಾಲೆ ಬೇಲಿ ಮರೇಲಿ ಎಲ್ಡು ದಿನ ಬದುಕ್ತು."

ಕರ್ನಲ್ ನಕ್ಕರು. "ಪಾಪ, ಅರಳುಮರಳು."

ಪಾದ್ರಿ ಪೆನ್ನಿಗೆ ಮುಚ್ಚಳ ಹಾಕಿದರು. "ಚರಿತ್ರೆಗೆ ಆಧಾರ ಬೇಕಮ್ಮಾ. ಕಾಗದ, ನಕ್ಷೆ, ಏನಾದ್ರೂ ಇದೆಯಾ?"

"ಕಾಗ್ದ ಇಲ್ಲ. ಒಲೆಗಲ್ಲು ಐತೆ."

"ಎಲ್ಲಿ?"

"ನೀವು ಚಾ ಕುಡೀತಾ ಇದ್ದೀರಲ್ಲ, ಆ ಮೇಜಿನ ಕೆಳಗೆ."

"ನಡಿಯೇ, ಮುಂಡೇದೆ!" ಸ್ಟಿಬಿಂಗ್ಸ್ ಅವಳ ರಟ್ಟೆ ಹಿಡಿದು ನೂಕಿದ.

ಊನಾ ಹೋದಳು. ಆದರೆ ಸುರಂಗಕ್ಕೆ ಇಳಿಯಲಿಲ್ಲ. ಹುಲ್ಲಿನ ಮೇಲೆಯೇ ದಾಪುಗಾಲು ಹಾಕಿದಳು. ತೋಟದ ಕೊಟ್ಟಿಗೆಯಿಂದ ಗುದ್ದಲಿ ಹೊತ್ತು ಮರಳಿದಾಗ, ಇಪ್ಪತ್ತು ವರ್ಷದಿಂದ ಅದೇ ಹುಲ್ಲು ಕತ್ತರಿಸುತ್ತಿದ್ದ ಫೆಸ್ಟಿ ಮಲ್ಕೆರಿನ್ ಹಿಂದೆ ಓಡಿ ಬರುತ್ತಿದ್ದ. "ನನ್ ಗುದ್ಲಿ ಕೊಡಜ್ಜಿ! ನನ್ ಕೆಲ್ಸ ಹೋಯ್ತದೆ!"

ಊನಾ ಮೇಜನ್ನು ಸೊಂಟದಿಂದ ನೂಕಿದಳು. ಪಿಂಗಾಣಿ ಉರುಳಿತು. ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಅಪ್ಪಣೆ ಇದ್ದದ್ದೇ ಹಾಗೆ. ಪಾದ್ರಿ ತಮ್ಮ ಕುರ್ಚಿಯನ್ನು ಎಳೆದುಕೊಂಡು ಕೆರೆಯ ಕಡೆಗೆ ದೂರ ಸರಿದು ಕೂತರು. ಮೊದಲ ಏಟಿಗೆ ಹುಲ್ಲು ಸೀಳಿತು. ತಡೆಯಲು ಬಂದ ಸ್ಟಿಬಿಂಗ್ಸ್‌ನತ್ತ ಅವಳು ಗುದ್ದಲಿ ಎತ್ತಿದಳು.

"ಮುಟ್ ನೋಡಾನ, ಬೋಳಿಮಗನೆ! ಅರವತ್ತು ವರ್ಸ ಕೋಳಿ ಕತ್ತು ಮುರುದಿವ್ನಿ."

ಅವನು ಕತ್ತು ಮುಟ್ಟಿಕೊಂಡು ಹಿಂದೆ ಸರಿದ.

ಮೊಳದಾಳದಲ್ಲಿ ಗುದ್ದಲಿ ಠಣ್ಣೆಂದಿತು. ಅಗಲವಾದ ಚಪ್ಪಟೆ ಕಲ್ಲು, ನಡುವೆ ಸುಟ್ಟು ಕರಿದಾದದ್ದು. ನಾನು ಮಂಡಿಯೂರಿ, ಬೆಳಿಗ್ಗೆ ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಮೇಜುಬಟ್ಟೆಯಿಂದ ಅದನ್ನು ಒರೆಸಿದೆ. ಕಪ್ಪು ಅಂಟಿತು. ಅಂಟಲಿ, ಒಗೆಯುವವಳು ನಾನೇ ತಾನೆ.

"ಪೊಲೀಸರನ್ನ ಕರಿ!" ಕರ್ನಲ್ ಕಿರುಚಿದರು. ಸ್ಟಿಬಿಂಗ್ಸ್ ಓಡಿದ.

ಪಾದ್ರಿ ಕೂತಲ್ಲಿಂದಲೇ ಕತ್ತು ಚಾಚಿ ಕಲ್ಲು ನೋಡಿದರು, ಆಮೇಲೆ ಆಕಾಶ ನೋಡಿದರು. "ಒಂದು ಕಲ್ಲಿಂದ ಒಂದು ಊರೇ ಇತ್ತು ಅಂತ ಹೇಳೋಕಾಗಲ್ಲ."

ಊನಾ ಕಲ್ಲಿನ ಮೇಲೆ ಕುಳಿತಳು. ಗುದ್ದಲಿ ಪಕ್ಕಕ್ಕೆ ಬಿತ್ತು. ಫೆಸ್ಟಿ ಅದನ್ನು ಎತ್ತಿಕೊಂಡ. ಆದರೆ ಕೊಟ್ಟಿಗೆಯ ಕಡೆ ಹೋಗಲಿಲ್ಲ.

"ಅಜ್ಜೀ, ಮಲ್ಕೆರಿನ್‌ರ ಮನೆ ಯಾವ ಕಡೀಕಿತ್ತು?"

"ಕೆರೆ ಕಡೀಕೆ ಹನ್ನೊಂದು ಹೆಜ್ಜೆ ಕಣಪ್ಪಾ. ನಿಮ್ಮಜ್ಜಿ ಒಲೆ ಊದುದ್ರೆ ನಮ್ಮವ್ವ ಕೆಮ್ಮೋಳು."

ಫೆಸ್ಟಿ ತಾನೇ ನೇವರಿಸಿ ಬೆಳೆಸಿದ ಹುಲ್ಲಿನ ಮೇಲೆ ಎಣಿಸುತ್ತ ನಡೆದ. ಹನ್ನೊಂದನೆಯ ಹೆಜ್ಜೆಗೆ ನಿಂತು ಟೋಪಿ ತೆಗೆದ.

"ಪಾದ್ರಿಗಳೇ, ಒಸಿ ಕುರ್ಚಿ ಎತ್ಕಳಿ."